ಪದರಗಳ ಸಂಧಿ

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಾಲೇಜಿನಲ್ಲಿ ಕನ್ನಡ ವ್ಯಾಕರಣವನ್ನೂ ಕಾವ್ಯವನ್ನೂ ಪಾಠ ಹೇಳಿದವನು ನಾನು. ಅಂಥವನು ಬಾನುಲಿಯ ಮುಂದೆ ಕುಳಿತು ಕಾಂತ, ವಿದ್ಯುತ್ತು, ಪರಮಾಣು ಎಂದು ಮಾತಿಗೆ ತೊಡಗಿದರೆ ಅಧಿಕಪ್ರಸಂಗವೆಂದು ತೋರುವುದು ಸಹಜ. ಆದರೆ ಈ ವಿಷಯ ನನಗೆ ಪುಸ್ತಕದಿಂದ ಬಂದುದಲ್ಲ. ಒಂದು ನಷ್ಟದಿಂದ ಬಂದುದು. ಆ ನಷ್ಟವನ್ನು ಮೊದಲು ಹೇಳಿಬಿಡುತ್ತೇನೆ.

1983ರ ಬೇಸಿಗೆಯಲ್ಲಿ, ಎಂ.ಎ. ವಿದ್ಯಾರ್ಥಿಯಾಗಿದ್ದಾಗ, ನನ್ನ ಅಜ್ಜಿ ಹಾಡುತ್ತಿದ್ದ ಬೀಸುವ ಪದಗಳನ್ನು ಒಂದು ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಂಡಿದ್ದೆ. ಬೀಸುಕಲ್ಲಿನ ಮುಂದೆ ಕುಳಿತರೆ ಮಾತ್ರ ಆಕೆಗೆ ಪದ ನೆನಪಾಗುತ್ತಿತ್ತು. ಹೀಗಾಗಿ ಹಾಡಿನ ಜೊತೆಗೆ ಕಲ್ಲಿನ ಗುಡುಗೂ ಅದರಲ್ಲಿ ಸೇರಿಕೊಂಡಿತ್ತು. ಎರಡು ವರ್ಷಗಳ ಮೇಲೆ ಅಜ್ಜಿ ತೀರಿಕೊಂಡರು. ಕ್ಯಾಸೆಟ್ಟನ್ನು ಜೋಪಾನವಾಗಿ ಕಪಾಟಿನಲ್ಲಿಟ್ಟೆನೆಂದು ನಾನು ನಂಬಿದ್ದೆ. ಜೋಪಾನವಾಗಿಯೇ ಇಟ್ಟಿದ್ದೆ; ಆದರೆ ಅದೇ ಕಪಾಟಿನಲ್ಲಿ ಮನೆಯವರು ಹಳೆಯದೊಂದು ಧ್ವನಿವರ್ಧಕವನ್ನೂ ತಂದಿರಿಸಿದರು. ಅದರ ಬೆನ್ನಿನ ದೊಡ್ಡ ಕಾಂತಕ್ಕೆ ಒತ್ತಿಕೊಂಡು ನನ್ನ ಕ್ಯಾಸೆಟ್ಟು ಎಷ್ಟೋ ವರ್ಷ ಮಲಗಿತ್ತು. ಮುಂದೊಂದು ದಿನ ತೆಗೆದು ಹಾಕಿದರೆ ಸೋನೆಮಳೆಯಂಥ ಸದ್ದು. ನಡುವೆ ಎರಡು ಕಡೆ ಕಲ್ಲಿನ ಗುಡುಗು ಕೇಳಿದಂತಾಯಿತು, ಅಷ್ಟೆ. ಹಾಡು ಇರಲಿಲ್ಲ.

ಪದವಿ ತರಗತಿಯಲ್ಲಿ ನನ್ನಿಂದ ಕನ್ನಡ ಓದಿ, ಮುಂದೆ ಭೌತವಿಜ್ಞಾನದಲ್ಲಿ ಸಂಶೋಧನೆಗೆ ತೊಡಗಿದ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಅವಳೊಡನೆ ಇದನ್ನು ಹೇಳಿಕೊಂಡಾಗ ಅವಳು, "ಟೇಪಿನ ಮೇಲಿನ ಪ್ರತಿಯೊಂದು ಕಣವೂ ಒಂದು ಪುಟ್ಟ ಕಾಂತ, ಸರ್. ಅಜ್ಜಿಯ ದನಿಯನ್ನು ಬರೆದದ್ದೂ ಕಾಂತವೇ, ಅಳಿಸಿದ್ದೂ ಕಾಂತವೇ" ಎಂದಳು. ಹಾಗಾದರೆ ಸುಲಭವಾಗಿ ಬರೆಯಲೂ ಬರಬೇಕು, ಸುಲಭವಾಗಿ ಅಳಿಯಲೂಬಾರದು, ಅಂಥದೊಂದು ವಸ್ತುವಿಲ್ಲವೇ ಎಂದು ಕೇಳಿದೆ. "ಅದನ್ನೇ ಹುಡುಕುತ್ತಿದ್ದೇವೆ" ಎಂದು ನಕ್ಕಳು. ಆ ಹುಡುಕಾಟದ ಕಥೆಯನ್ನು, ನನಗೆ ತಿಳಿದ ಮಟ್ಟಿಗೆ, ನಿಮ್ಮ ಮುಂದಿಡುತ್ತೇನೆ.

ಕಾಂತಕ್ಕೆ ಕನ್ನಡದಲ್ಲಿ ಸೂಜಿಗಲ್ಲು ಎಂಬ ಹೆಸರಿದೆ. ಸಂಸ್ಕೃತದಲ್ಲಿ ಅಯಸ್ಕಾಂತ, ಎಂದರೆ ಕಬ್ಬಿಣಕ್ಕೆ ಪ್ರಿಯವಾದುದು. ಎರಡು ಹೆಸರುಗಳೂ ಅದರ ಸೆಳೆತವನ್ನು ಹೇಳುತ್ತವೆ. ಅದರ ನೆನಪನ್ನು ಹೇಳುವುದಿಲ್ಲ. ಆದರೆ ಕಾಂತದ ದೊಡ್ಡ ಗುಣವೆಂದರೆ ನೆನಪು. ಉಕ್ಕಿನ ಸೂಜಿಯನ್ನು ಕಾಂತಕ್ಕೆ ಉಜ್ಜಿ ತೆಗೆದರೆ, ಕಾಂತ ದೂರವಾದ ಮೇಲೂ ಸೂಜಿ ಕಾಂತವಾಗಿಯೇ ಉಳಿಯುತ್ತದೆ. ತನಗೆ ಆದದ್ದನ್ನು ಅದು ಮರೆಯುವುದಿಲ್ಲ.

ಇದು ಹೇಗೆ? ಫ್ರಾನ್ಸಿನ ಪಿಯೇರ್ ವೈಸ್ ಎಂಬ ವಿಜ್ಞಾನಿ 1907ರಲ್ಲಿ ಇದಕ್ಕೆ ಉತ್ತರದ ದಾರಿ ತೋರಿಸಿದ. ಕಬ್ಬಿಣದ ಒಳಗೆ ಪರಮಾಣುಗಳೆಂಬ ಕಿರುಕಾಂತಗಳು ಒಂದರ ಮುಖ ನೋಡಿ ಒಂದು ತಿರುಗಿ, ಗುಂಪು ಗುಂಪಾಗಿ ಒಂದೇ ದಿಕ್ಕಿಗೆ ನಿಲ್ಲುತ್ತವೆ. ನಮ್ಮ ಗದ್ದೆಬಯಲನ್ನು ನೆನೆದುಕೊಳ್ಳಿ. ಬಯಲು ಒಂದೇ ಆದರೂ ಅದು ತಾಕು ತಾಕಾಗಿ ಹಂಚಿಕೊಂಡಿದೆ. ತಾಕಿಗೂ ತಾಕಿಗೂ ನಡುವೆ ಬದು. ಒಂದು ತಾಕಿನ ಕಿರುಕಾಂತಗಳೆಲ್ಲ ಪೂರ್ವಕ್ಕೆ ಮುಖ ಮಾಡಿದ್ದರೆ ಪಕ್ಕದ ತಾಕಿನವು ಪಶ್ಚಿಮಕ್ಕೆ. ಹೊರಗಿನಿಂದ ಒಂದು ಕಾಂತವನ್ನು ಹಿಡಿದಾಗ ಅದಕ್ಕೆ ಒಪ್ಪುವ ತಾಕುಗಳ ಬದುಗಳು ಸರಿದು, ಆ ತಾಕುಗಳು ಹಿಗ್ಗುತ್ತವೆ, ಒಪ್ಪದವು ಕುಗ್ಗುತ್ತವೆ. ಕಾಂತವನ್ನು ತೆಗೆದಾಗ ಬದುಗಳು ಪೂರ್ತಿಯಾಗಿ ಹಿಂದಕ್ಕೆ ಬರುವುದಿಲ್ಲ. ಆ ಬಾರದೆ ಉಳಿದದ್ದೇ ನೆನಪು.

ಹಳೆಯ ಮನೆಯ ಬಾಗಿಲ ಅಗುಳಿಯಲ್ಲಿಯೂ ಇದೇ ಗುಣವಿದೆ. ಮೆಲ್ಲನೆ ತಳ್ಳಿದರೆ ಅದು ಅಲುಗದು. ಒಂದು ಮಿತಿ ದಾಟಿ ತಳ್ಳಿದರೆ ಥಟ್ಟನೆ ಸರಿಯುತ್ತದೆ. ಕೈ ತೆಗೆದರೂ ಸರಿದಲ್ಲಿಯೇ ಇರುತ್ತದೆ. ಮತ್ತೆ ಹಿಂದಕ್ಕೆ ತರಬೇಕಾದರೆ ಎದುರು ದಿಕ್ಕಿಗೆ ಅಷ್ಟೇ ಬಲವಾಗಿ ತಳ್ಳಬೇಕು. ಈಗ ಅಗುಳಿ ಎಲ್ಲಿದೆ ಎಂಬುದು ಈಗಿನ ಕೈಯನ್ನು ಅವಲಂಬಿಸಿಲ್ಲ, ನಿನ್ನೆಯ ಕೈಯನ್ನು ಅವಲಂಬಿಸಿದೆ. 1880ರ ದಶಕದ ಆರಂಭದಲ್ಲಿ ಟೋಕಿಯೋದಲ್ಲಿ ಅಧ್ಯಾಪಕನಾಗಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್ ಈ ಗುಣಕ್ಕೆ ಗ್ರೀಕ್ ಭಾಷೆಯಿಂದ ಹಿಸ್ಟರೆಸಿಸ್ ಎಂಬ ಹೆಸರನ್ನು ಕಟ್ಟಿದ. ಹಿಂದೆ ಬೀಳುವುದು, ತಡವಾಗಿ ಬರುವುದು ಎಂದು ಅದರ ಅರ್ಥ. ಕಾರಣ ಸರಿದುಹೋದರೂ ಕಾರ್ಯ ಹಿಂದೆ ಉಳಿಯುತ್ತದೆ. ಗಣಕಯಂತ್ರದ ನೆನಪಿಗೆ ಬೇಕಾದದ್ದೂ ಇಷ್ಟೇ: ಅಗುಳಿ ಇತ್ತ ಇದ್ದರೆ ಸೊನ್ನೆ, ಅತ್ತ ಇದ್ದರೆ ಒಂದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ನಮ್ಮವರೇ ಕಟ್ಟಿ 1960ರಲ್ಲಿ ಬಳಕೆಗೆ ತಂದ ಟಿಫ್ರ್ಯಾಕ್ ಎಂಬ ಗಣಕಯಂತ್ರದಲ್ಲಿ, ಫೆರೈಟ್ ಎಂಬ ಕಾಂತವಸ್ತುವಿನ ಪುಟ್ಟ ಪುಟ್ಟ ಬಳೆಗಳೇ ನೆನಪಿನ ಮಣಿಗಳಾಗಿದ್ದವು. ಬಳೆಯೊಳಗೆ ತಂತಿ ಪೋಣಿಸಿ, ವಿದ್ಯುತ್ತನ್ನು ಇತ್ತ ಹರಿಸಿದರೆ ಒಂದು ಅಕ್ಷರ, ಅತ್ತ ಹರಿಸಿದರೆ ಇನ್ನೊಂದು.

ತೊಡಕಿರುವುದು ಈ ಹರಿಸುವಿಕೆಯಲ್ಲಿ. ತಂತಿಯಲ್ಲಿ ವಿದ್ಯುತ್ತು ಹರಿದರೆ ಹತ್ತಿರದ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಎಂದು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ಕಂಡ. ಅಂದಿನಿಂದ ಕಾಂತವನ್ನು ವಿದ್ಯುತ್ತಿನಿಂದ ತಿರುಗಿಸುವುದೆಂದರೆ ವಿದ್ಯುತ್ತನ್ನು ಹರಿಸುವುದು ಎಂದೇ ಆಯಿತು. ಹರಿಯುವ ವಿದ್ಯುತ್ತು ತಂತಿಯನ್ನು ಕಾಯಿಸುತ್ತದೆ. ಇಸ್ತ್ರಿಪೆಟ್ಟಿಗೆಯಲ್ಲಿ ವರವಾದದ್ದು ಇಲ್ಲಿ ಶಾಪ. ಮೇಲಾಗಿ ಹರಿವಿನಿಂದ ಹುಟ್ಟಿದ ಕಾಂತಬಲ ತಂತಿಯ ಸುತ್ತ ಹರಡಿಕೊಳ್ಳುತ್ತದೆ. ತನ್ನ ಬಳೆಗೆ ಹೇಳಿದ ಮಾತು ನೆರೆಯ ಬಳೆಗೂ ಕೇಳಿಸುತ್ತದೆ. ಕಾಂತವನ್ನು ಗಟ್ಟಿ ಮಾಡಿದರೆ ನೆನಪು ಉಳಿಯುತ್ತದೆ, ಆದರೆ ಬರೆಯಲು ಹೆಚ್ಚು ವಿದ್ಯುತ್ತು, ಹೆಚ್ಚು ಕಾವು. ಮೆತ್ತಗೆ ಮಾಡಿದರೆ ಬರೆಯುವುದು ಸುಲಭ, ಆದರೆ ನನ್ನ ಕ್ಯಾಸೆಟ್ಟಿನ ಗತಿ. ಇಂದು ಜಗತ್ತಿನಲ್ಲಿ ಎಣಿಸಲಾರದಷ್ಟು ಗಣಕಗಳು ಹಗಲಿರುಳು ಬರೆದು ಅಳಿಸುತ್ತಿವೆ. ಅವುಗಳನ್ನು ತಂಪಾಗಿಡುವುದಕ್ಕೇ ಮತ್ತಷ್ಟು ವಿದ್ಯುತ್ತು ವ್ಯಯವಾಗುತ್ತಿದೆ.

ವಿದ್ಯುತ್ತಿನ ಹರಿವು ಬೇರೆ, ವಿದ್ಯುತ್ತಿನ ಒತ್ತಡ ಬೇರೆ. ಮುಚ್ಚಿದ ನಲ್ಲಿಯ ಹಿಂದೆ ನೀರಿನ ಒತ್ತಡವಿರುತ್ತದೆ, ನೀರು ಖರ್ಚಾಗುವುದಿಲ್ಲ. ಹಾಗೆ ಹರಿವಿಲ್ಲದೆ ಬರಿಯ ಒತ್ತಡದಿಂದಲೇ ಕಾಂತವನ್ನು ತಿರುಗಿಸಲಾದೀತೇ? ಈ ಆಸೆಯನ್ನು ಮೊದಲು ಬರಹದಲ್ಲಿ ಕಾಣಿಸಿದವರಲ್ಲಿ ಪಿಯೇರ್ ಕ್ಯೂರಿ ಒಬ್ಬ. ಕೆಲವು ಬಗೆಯ ಹರಳುಗಳಲ್ಲಿ ವಿದ್ಯುತ್ ಒತ್ತಡ ಕಾಂತತ್ವವನ್ನು ಹುಟ್ಟಿಸಬಹುದೆಂದು ಆತ 1894ರಲ್ಲಿ ಊಹಿಸಿದ. ಊಹೆ ನಿಜವಾಗಲು ಅರವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಏಕೆ ಅಷ್ಟು ಕಾಲ?

ಇದಕ್ಕೆ ಕಾರಣ ಅಜ್ಜಿಯ ಬೀಸುಕಲ್ಲಿನಲ್ಲಿಯೇ ಇದೆ. ಕಲ್ಲು ಬಲಕ್ಕೆ ತಿರುಗುತ್ತಿದೆ, ಪಕ್ಕದಲ್ಲಿ ರಾಗಿಯ ರಾಶಿ ಇದೆ ಎನ್ನಿ. ಅದರ ಚಲನಚಿತ್ರ ತೆಗೆದು, ಸುರುಳಿಯನ್ನು ಹಿಂದುಮುಂದಾಗಿ ಓಡಿಸಿ. ಕಲ್ಲು ಎಡಕ್ಕೆ ತಿರುಗುತ್ತದೆ. ರಾಗಿಯ ರಾಶಿ ಮಾತ್ರ ಇದ್ದ ಪಕ್ಕದಲ್ಲಿಯೇ ಇರುತ್ತದೆ. ಕಾಂತತ್ವ ಕಲ್ಲಿನ ಹಾಗೆ ಸುತ್ತುವಿಕೆಯ ಗುಣ; ಕಾಲ ಹಿಮ್ಮೊಗವಾದರೆ ಅದೂ ಹಿಮ್ಮೊಗವಾಗುತ್ತದೆ. ವಿದ್ಯುತ್ತಿನ ಒತ್ತಡ ರಾಶಿಯ ಹಾಗೆ ಇರುವಿಕೆಯ ಗುಣ; ಧನವಿದ್ಯುತ್ತು ಇತ್ತ, ಋಣವಿದ್ಯುತ್ತು ಅತ್ತ. ಕಾಲ ಹಿಂದಾಗಲಿ ಮುಂದಾಗಲಿ ಅದಕ್ಕೆ ಭೇದವಿಲ್ಲ. ಬಲ-ಎಡಗಳನ್ನೇ ಅರಿಯದ ಒಂದು ಬಲವು ಕಲ್ಲಿಗೆ 'ಬಲಕ್ಕೆ ತಿರುಗು' ಎಂದು ಹೇಳುವುದಾದರೂ ಹೇಗೆ? ಸಾಮಾನ್ಯ ವಸ್ತುಗಳಲ್ಲಿ ಅದು ಆಗದು. ಕಾಂತತ್ವದ ಜೋಡಣೆ ಒಂದು ವಿಶೇಷ ರೀತಿಯಲ್ಲಿರುವ ಹರಳಿನಲ್ಲಿ ಆದೀತು ಎಂದು 1959ರಲ್ಲಿ ಸೋವಿಯೆತ್ ದೇಶದ ಜ್ಯಾಲೋಷಿನ್‌ಸ್ಕಿ ಗಣಿಸಿ, ಕ್ರೋಮಿಯಂ ಆಕ್ಸೈಡನ್ನು ಹೆಸರಿಸಿದ. ಮರುವರ್ಷವೇ ಆಸ್ಟ್ರೋವ್ ಅದನ್ನು ಅಳೆದು ತೋರಿಸಿದ. ಪರಿಣಾಮ ಮಾತ್ರ ಬಹು ಅಲ್ಪ. ಜೊತೆಗೆ ಆ ಹರಳು ಸುಮಾರು 34 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಗುಣವನ್ನು ಕಳೆದುಕೊಳ್ಳುತ್ತದೆ. ನಮ್ಮ ಕಲಬುರಗಿಯ ಬೇಸಿಗೆಯಲ್ಲಿ ಅದರ ಆಟ ನಡೆಯದು.

ಇಲ್ಲಿ ಕಥೆಯ ಎರಡನೆಯ ಪಾತ್ರ ಬರುತ್ತದೆ. 1920ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಜೋಸೆಫ್ ವಾಲಸೆಕ್ ಎಂಬ ತರುಣ, ರೋಷೆಲ್ ಉಪ್ಪು ಎಂಬ ಹರಳಿನಲ್ಲಿ ಕಾಂತದ್ದೇ ಪ್ರತಿರೂಪದಂಥ ಒಂದು ನೆನಪನ್ನು ಕಂಡ. ಅದು ವಿದ್ಯುತ್ತಿನ ನೆನಪು. ಒಂದು ದಿಕ್ಕಿಗೆ ವಿದ್ಯುತ್ ಒತ್ತಡ ಹಾಕಿದರೆ ಹರಳಿನ ಒಳಗಿನ ಧನ-ಋಣಗಳು ಸರಿದು ನಿಲ್ಲುತ್ತವೆ; ಒತ್ತಡ ತೆಗೆದರೂ ಹಾಗೆಯೇ ಇರುತ್ತವೆ. ಅದೇ ಅಗುಳಿ, ಅದೇ ತಾಕು, ಅದೇ ಬದು. ಕಬ್ಬಿಣದ ಬಗೆಯ ಕಾಂತವನ್ನು ಫೆರೋಮ್ಯಾಗ್ನೆಟ್ ಎನ್ನುತ್ತಿದ್ದುದರಿಂದ ಇದನ್ನು ಫೆರೋಎಲೆಕ್ಟ್ರಿಕ್ ಎಂದು ಕರೆದರು. ಲ್ಯಾಟಿನ್ನಿನಲ್ಲಿ ಫೆರಮ್ ಎಂದರೆ ಕಬ್ಬಿಣ. ಆದರೆ ಇಂಥ ವಸ್ತುಗಳಲ್ಲಿ ಬಹುಮಟ್ಟಿಗೆ ಕಬ್ಬಿಣವೇ ಇಲ್ಲ! ಇದರಲ್ಲಿ ಭಾಷೆ ಬಲ್ಲವರಿಗೆ ಆಶ್ಚರ್ಯವಿಲ್ಲ. ಎಳ್ಳಿನ ನೆಯ್ ಎಂಬುದೇ ಎಣ್ಣೆಯಾಯಿತು. ಇಂದು ಕೊಬ್ಬರಿ ಎಣ್ಣೆಯೂ ಉಂಟು, ಸೀಮೆಎಣ್ಣೆಯೂ ಉಂಟು. ಎಳ್ಳೆಲ್ಲಿ ಎಂದು ಯಾರೂ ಕೇಳುವುದಿಲ್ಲ. ಮಾತಿನ ಅನುಕೂಲಕ್ಕಾಗಿ ಇನ್ನು ಮುಂದೆ ಮೊದಲನೆಯದನ್ನು ಕಾಂತಪದರವೆಂದೂ ಎರಡನೆಯದನ್ನು ವಿದ್ಯುತ್ಪದರವೆಂದೂ ಕರೆಯೋಣ.

ವಿದ್ಯುತ್ಪದರಕ್ಕೆ ಹೆಸರಾದ ವಸ್ತು ಬೇರಿಯಂ ಟೈಟನೇಟ್. ಅದರ ಹರಳಿನ ಒಂದು ಕೋಣೆಯನ್ನು ಘನಾಕೃತಿಯೆಂದು ಭಾವಿಸಿ. ಎಂಟು ಮೂಲೆಗಳಲ್ಲಿ ಬೇರಿಯಂ, ಆರು ಗೋಡೆಗಳ ನಡುವೆ ಆಮ್ಲಜನಕ, ಕೋಣೆಯ ನಟ್ಟನಡುವೆ ಟೈಟಾನಿಯಂ. ಸುಮಾರು 120 ಡಿಗ್ರಿಗಿಂತ ಬಿಸಿಯಾಗಿದ್ದಾಗ ಟೈಟಾನಿಯಂ ನಡುವಿನಲ್ಲಿಯೇ ಇರುತ್ತದೆ. ತಣಿದಾಗ ಅದು ನಡುವನ್ನು ಬಿಟ್ಟು ಒಂದು ಗೋಡೆಯ ಕಡೆಗೆ ಜರುಗುತ್ತದೆ. ಕೋಣೆಯೂ ಆ ದಿಕ್ಕಿಗೆ ನೂರಕ್ಕೆ ಒಂದರಷ್ಟು ನೀಳವಾಗುತ್ತದೆ. ಈ ನೀಳವಾಗುವಿಕೆಯನ್ನು ನೆನಪಿನಲ್ಲಿಡಿ.

ಎರಡು ನೆನಪುಗಳೂ ಒಂದೇ ವಸ್ತುವಿನಲ್ಲಿದ್ದರೆ ಕೆಲಸ ಸುಗಮವಾಗುತ್ತಿತ್ತು. ಆದರೆ ಅಂಥ ವಸ್ತು ಅಪರೂಪ. ಏಕೆ ಅಪರೂಪ ಎಂಬುದನ್ನು 2000ದಲ್ಲಿ ನಿಕೋಲ ಹಿಲ್ ಎಂಬ ವಿಜ್ಞಾನಿ ವಿವರಿಸಿದಳು. ಈಗ ಆಕೆಯ ಹೆಸರು ನಿಕೋಲ ಸ್ಪಾಲ್ಡಿನ್. ಟೈಟಾನಿಯಮ್ಮಿನಂಥ ಪರಮಾಣು ಹಾಗೆ ಜರುಗಬೇಕಾದರೆ ಅದರ ಹೊರಗಿನ ಒಂದು ಬಗೆಯ ಎಲೆಕ್ಟ್ರಾನ್ ನೆಲೆಗಳು ಬರಿದಾಗಿರಬೇಕು. ಕಾಂತವಾಗಬೇಕಾದರೆ ಅವೇ ನೆಲೆಗಳು ಅರೆ ತುಂಬಿರಬೇಕು. ಒಂದೇ ಮನೆ ಖಾಲಿಯೂ ಇರಬೇಕು, ಒಕ್ಕಲೂ ಇರಬೇಕು ಎಂದರೆ ಹೇಗೆ? ಆದ್ದರಿಂದ ಮನೆಯನ್ನೇ ಎರಡು ಅಂತಸ್ತು ಮಾಡುವ ಉಪಾಯ ಮೇಲಾಯಿತು: ಕೆಳಗೆ ವಿದ್ಯುತ್ಪದರ, ಮೇಲೆ ಕಾಂತಪದರ. ಇಂಥ ಕೂಟದಲ್ಲಿ ಎರಡರಲ್ಲೂ ಬಿಡಿಯಾಗಿ ಇಲ್ಲದ ಒಂದು ಗುಣ ಹುಟ್ಟಬಲ್ಲದೆಂದು 1972ರಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದ ವ್ಯಾನ್ ಸಕ್ಟೆಲೆನ್ ಹೇಳಿದ್ದ. ಇಂದು ಈ ಪದರಗಳನ್ನು ನ್ಯಾನೋಮೀಟರಿನ ಲೆಕ್ಕದಲ್ಲಿ ಬೆಳೆಸುತ್ತಾರೆ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ನ್ಯಾನೋಮೀಟರು. ಕೆಲವೇ ನ್ಯಾನೋಮೀಟರು ದಪ್ಪದ ಕಾಂತಪದರದಲ್ಲಿ ಪರಮಾಣುಗಳ ಸಾಲುಗಳನ್ನು ಕೈಬೆರಳುಗಳಲ್ಲಿ ಎಣಿಸಿಬಿಡಬಹುದು.

ಪದರ ಇಷ್ಟು ತೆಳುವಾದಾಗ ಎಲ್ಲ ವ್ಯವಹಾರವೂ ಅವು ಕೂಡುವ ಗಡಿಯಲ್ಲಿಯೇ ನಡೆಯುತ್ತದೆ. ಅದನ್ನು ಕನ್ನಡದಲ್ಲಿ ಏನೆನ್ನಬೇಕೆಂದು ನನ್ನ ವಿದ್ಯಾರ್ಥಿನಿ ಕೇಳಿದಾಗ ನನಗೆ ಬೇರೆ ಮಾತು ತೋಚಲಿಲ್ಲ, ಸಂಧಿ ಎಂದೆ. ಮಳೆ, ಕಾಲ ಎಂಬ ಎರಡು ಮಾತುಗಳು ಕೂಡಿದಾಗ ಮಳೆಗಾಲವಾಗುತ್ತದೆ. 'ಕಾಲ'ದ ಕಕಾರ ಗಕಾರವಾದದ್ದು ತಾನಾಗಿಯಲ್ಲ, ಮಳೆಯ ಪಕ್ಕದಲ್ಲಿ ನಿಂತದ್ದರಿಂದ. ಗಡಿಯಲ್ಲಿರುವ ಕಕಾರ ಮಾರ್ಪಟ್ಟಿತು; ಒಳಗಿನ ಲಕಾರಕ್ಕೆ ಸುದ್ದಿಯೇ ಮುಟ್ಟಲಿಲ್ಲ. ಪದರಗಳ ಸಂಧಿಯೂ ಸ್ಥೂಲವಾಗಿ ಮೂರು ಬಗೆ. ಲೋಪ, ಆಗಮ, ಆದೇಶಗಳಿಗೆ ಅವನ್ನು ಹೊಂದಿಸಿ ಎಳೆದಾಡುವ ಸಾಹಸಕ್ಕೆ ನಾನು ಹೋಗುವುದಿಲ್ಲ.

ಮೊದಲನೆಯ ಬಗೆಯಲ್ಲಿ ಗಡಿಗೆ ಎಲೆಕ್ಟ್ರಾನುಗಳು ಬಂದು ಕೂಡುತ್ತವೆ, ಇಲ್ಲವೇ ಅಲ್ಲಿಂದ ಹಿಂದೆ ಸರಿಯುತ್ತವೆ. ಇದು ಮಳೆಗಾಲದ ಕಕಾರದಂತೆಯೇ; ಲೋಹದಲ್ಲಾದರೆ ಗಡಿಯ ಒಂದೆರಡು ಸಾಲುಗಳನ್ನು ದಾಟಿ ಒಳಗೆ ಹೋಗುವುದಿಲ್ಲ. ಎರಡನೆಯದು ಹಿಗ್ಗು-ಕುಗ್ಗುಗಳ ಸಂಧಿ. ಇದನ್ನು ಸ್ವಲ್ಪ ವಿವರಿಸಬೇಕು.

ಕಬ್ಬಿಣದ ಸರಳನ್ನು ಕಾಂತವಾಗಿಸಿದರೆ ಅದು ಲಕ್ಷಕ್ಕೆ ಒಂದೆರಡು ಪಾಲಿನಷ್ಟು ನೀಳವಾಗುತ್ತದೆಂದು ಇಂಗ್ಲೆಂಡಿನ ಜೂಲ್ 1842ರಲ್ಲಿ ಪ್ರಕಟಿಸಿದ. ಅದರ ವಿಲೋಮವೂ ನಿಜ: ಕಾಂತವಸ್ತುವನ್ನು ಜಗ್ಗಿದರೆ ಅದರ ಕಾಂತತ್ವ ಯಾವ ದಿಕ್ಕಿಗೆ ಮಲಗಬೇಕೆಂಬ ಒಲವು ಬದಲಾಗುತ್ತದೆ. ಇನ್ನೊಂದೆಡೆ, ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಕಾಣುತ್ತದೆಂದು ಪಿಯೇರ್ ಕ್ಯೂರಿ ಮತ್ತು ಆತನ ಅಣ್ಣ ಝಾಕ್ 1880ರಲ್ಲಿ ತೋರಿಸಿದ್ದರು. ವಿದ್ಯುತ್ ಒತ್ತಡ ಕೊಟ್ಟರೆ ಅವು ಹಿಗ್ಗಿ ಕುಗ್ಗುತ್ತವೆಂಬುದನ್ನೂ ಮುಂದೆ ಕಂಡರು. ಈಗ ಎರಡನ್ನೂ ಜೋಡಿಸಿ. ಕೆಳಗಿನ ವಿದ್ಯುತ್ಪದರಕ್ಕೆ ಒತ್ತಡ ಕೊಡಿ. ಅದರ ಕೋಣೆಗಳು ಇದ್ದ ದಿಕ್ಕು ಬಿಟ್ಟು ಬೇರೆ ದಿಕ್ಕಿಗೆ ನೀಳವಾಗುತ್ತವೆ. ಮೇಲೆ ಅಂಟಿದ ಕಾಂತಪದರ ತಾನೂ ಜಗ್ಗಲ್ಪಡುತ್ತದೆ. ಅದರ ಕಾಂತತ್ವ ಹೊಸ ದಿಕ್ಕಿಗೆ ಹೊರಳುತ್ತದೆ. ಕಾಂತಪದರದಲ್ಲಿ ವಿದ್ಯುತ್ತು ಹರಿಯಲೇ ಇಲ್ಲ.

ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದವರು. 2011 ಮತ್ತು 2012ರಲ್ಲಿ ಅವರು ಬೇರಿಯಂ ಟೈಟನೇಟಿನ ಮೇಲೆ ಕೋಬಾಲ್ಟ್-ಕಬ್ಬಿಣದ ತೆಳುಪದರವನ್ನು ಬೆಳೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಳಗಿನ ಹರಳಿನಲ್ಲಿ ವಿದ್ಯುತ್ತಿನ ತಾಕುಗಳು ಪಟ್ಟೆ ಪಟ್ಟೆಯಾಗಿದ್ದವು. ರಂಗೋಲಿಯ ಮೇಲೆ ಒದ್ದೆ ಪಂಚೆ ಹರಡಿದರೆ ಗೆರೆಗಳು ಮೂಡುವಂತೆ, ಮೇಲಿನ ಕಾಂತಪದರದಲ್ಲಿಯೂ ಅದೇ ಪಟ್ಟೆಗಳು ಮೂಡಿದ್ದವು. ವಿದ್ಯುತ್ ಒತ್ತಡದಿಂದ ಕೆಳಗಿನ ಬದುವನ್ನು ಸರಿಸಿದರೆ ಮೇಲಿನ ಬದು ಅದರ ತಲೆಯ ಮೇಲೆಯೇ ನಿಂತು ಜೊತೆಯಾಗಿ ಸರಿಯಿತು.

ಇಷ್ಟಾದರೂ ಈ ಸಂಧಿಗೆ ಒಂದು ಕೊರತೆಯಿದೆ. ರಬ್ಬರ್ ಪಟ್ಟಿಯನ್ನು ಪೂರ್ವ-ಪಶ್ಚಿಮವಾಗಿ ಎಳೆದು ಹಿಡಿಯಿರಿ. ಅದು ಹಿಗ್ಗಿರುವುದು ಪೂರ್ವಕ್ಕೋ ಪಶ್ಚಿಮಕ್ಕೋ ಎಂದು ಕೇಳಿದರೆ ಉತ್ತರವಿಲ್ಲ. ಹಿಗ್ಗಿಗೆ ಗೆರೆಯುಂಟು, ಬಾಣದ ತಲೆಯಿಲ್ಲ. ನಮ್ಮ ಮನೆಗಳಲ್ಲಿ ಉತ್ತರಕ್ಕೆ ತಲೆ ಹಾಕಿ ಮಲಗಬೇಡ ಎನ್ನುತ್ತಾರಲ್ಲ, ಆ ಮಾತನ್ನು ಪಾಲಿಸಲು ಮಂಚ ಹೇಗಿದೆ ಎಂದು ತಿಳಿದರೆ ಸಾಲದು. ದಿಂಬು ಎತ್ತ ಇದೆ ಎಂದೂ ತಿಳಿಯಬೇಕು. ಹಿಗ್ಗು ಮಂಚವನ್ನು ತಿರುಗಿಸಬಲ್ಲದು; ದಿಂಬನ್ನು ಇತ್ತಣಿಂದ ಅತ್ತ ಇಡಲಾರದು. ಇದರ ಸಾಕ್ಷಿ ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆಯಲ್ಲಿದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಆದರೆ ಆ ಗುಂಯ್‌ಕಾರದ ಮೂಲಸ್ವರ ಸೆಕೆಂಡಿಗೆ 100 ಕಂಪನಗಳದು. ಒಂದು ಆವರ್ತದಲ್ಲಿ ಕಾಂತತ್ವ ಒಮ್ಮೆ ಇತ್ತ, ಒಮ್ಮೆ ಅತ್ತ ತಿರುಗುತ್ತದೆ. ಒಳಗಿನ ಕಬ್ಬಿಣ ಎರಡು ಸಲವೂ ಒಂದೇ ರೀತಿ ನೀಳವಾಗುತ್ತದೆ. ತಲೆ ಎತ್ತ ಇದ್ದರೂ ಅದಕ್ಕೆ ಒಂದೇ. ನೆನಪಿನ ಅಕ್ಷರ ಬರೆಯುವವರಿಗೆ ಮಾತ್ರ ದಿಂಬೇ ಮುಖ್ಯ. ಇತ್ತ ತಲೆಯಾದರೆ ಸೊನ್ನೆ, ಅತ್ತ ತಲೆಯಾದರೆ ಒಂದು. ನಡುವೆ ಅರ್ಧ ತಿರುಗಿ ನಿಂತದ್ದು ಅಕ್ಷರವಲ್ಲ.

ಮೂರನೆಯ ಸಂಧಿಗೆ ಈಗ ಬರೋಣ. ಇದು ನೆರೆಮನೆಯ ಸಂಧಿ. ವಿದ್ಯುತ್ಪದರದಲ್ಲಿಯೇ ಒಂದಿಷ್ಟು ಕಾಂತತ್ವ ಅಡಗಿದ್ದರೆ, ಗಡಿಯ ಆಚೆ ಈಚೆ ನಿಂತ ಕಿರುಕಾಂತಗಳು ಪರಸ್ಪರ ಮುಖ ನೋಡಿ ತಿರುಗಬಲ್ಲವು. ಇದಕ್ಕೆ ಒದಗಿಬಂದ ವಸ್ತು ಬಿಸ್ಮತ್ ಫೆರೈಟ್. ನಾನು ಅಪರೂಪವೆಂದೆನಲ್ಲ, ಅಂಥ ಒಂದು ವಸ್ತು ಇದು. ಮನೆಯ ಜಗಳವನ್ನು ಇದು ಕೆಲಸ ಹಂಚಿಕೊಂಡು ಪರಿಹರಿಸಿದೆ: ಜರುಗುವ ಕೆಲಸ ಮುಖ್ಯವಾಗಿ ಬಿಸ್ಮತ್ತಿಗೆ, ಕಾಂತದ ಕೆಲಸ ಕಬ್ಬಿಣಕ್ಕೆ. ಎರಡು ಗುಣಗಳೂ ನಮ್ಮ ಕೋಣೆಯ ಬಿಸಿಲಿಗೆ ಮಾತ್ರವಲ್ಲ, ಕುದಿಯುವ ನೀರಿಗೂ ಮಿಕ್ಕ ಕಾವಿನಲ್ಲಿ ಉಳಿಯುತ್ತವೆ. ಆದರೆ ಅದರ ಕಿರುಕಾಂತಗಳು ಒಂದು ಇತ್ತ, ಇನ್ನೊಂದು ಅತ್ತ ಎಂದು ಎದುರುಬದುರಾಗಿ ನಿಂತು ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತವೆ. ಸ್ವಲ್ಪ ಓರೆಯಾಗಿ ನಿಲ್ಲುವುದರಿಂದ ಅಲ್ಪವೊಂದು ಕಾಂತತ್ವ ಮಿಗುತ್ತದೆ, ಅಷ್ಟೆ. 2003ರಲ್ಲಿ ಆರ್. ರಮೇಶ್ ಅವರ ತಂಡ ಇದರ ಉತ್ತಮ ತೆಳುಪದರಗಳನ್ನು ಬೆಳೆಸಿ ಲೋಕದ ಕಣ್ಣನ್ನು ಇತ್ತ ಸೆಳೆಯಿತು. ರಮೇಶ್ ಚೆನ್ನೈ ಕಡೆಯವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹವಿಜ್ಞಾನ ಓದಿ ಅಮೆರಿಕಕ್ಕೆ ಹೋದವರು.

ಮುಂದೆ 2014ರಲ್ಲಿ ಜಾನ್ ಹೆರನ್, ರಮೇಶ್ ಮತ್ತಿತರರು ಸೇರಿ ಬಿಸ್ಮತ್ ಫೆರೈಟಿನ ಮೇಲೆ ಕೋಬಾಲ್ಟ್-ಕಬ್ಬಿಣದ ಪದರವಿಟ್ಟು ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೋಣೆಯ ಸಾಮಾನ್ಯ ಕಾವಿನಲ್ಲಿ, ಕೆಲವೇ ವೋಲ್ಟುಗಳ ಒತ್ತಡದಿಂದ, ಮೇಲಿನ ಕಾಂತಪದರ ಪೂರ್ತಿ 180 ಡಿಗ್ರಿ ತಿರುಗಿತು. ಮಂಚ ಇದ್ದಲ್ಲಿಯೇ ಇದ್ದು ದಿಂಬು ಈ ತುದಿಯಿಂದ ಆ ತುದಿಗೆ ಹೋಯಿತು.

ಅದು ಹೇಗೆ ಸಾಧ್ಯವಾಯಿತೆಂಬುದೇ ಈ ಕಥೆಯ ಸ್ವಾರಸ್ಯ. ಬಿಸ್ಮತ್ ಫೆರೈಟಿನ ವಿದ್ಯುತ್ ಬಾಣ ಕೋಣೆಯ ಒಂದು ಮೂಲೆಯಿಂದ ಎದುರು ಮೂಲೆಯ ಕಡೆಗೆ ಚಾಚಿರುತ್ತದೆ. ಅದನ್ನು ಹಿಮ್ಮೊಗ ಮಾಡಲು ಎರಡು ದಾರಿಗಳುಂಟು. ಒಂದು, ಬಂದ ದಾರಿಯಲ್ಲಿಯೇ ನಡುವನ್ನು ಹಾಯ್ದು ನೇರವಾಗಿ ಹಿಂದಿರುಗುವುದು. ಹಾಗೆ ಮಾಡಿದರೆ ಪರಮಾಣುಗಳು ಜರುಗುತ್ತವೆ, ಆದರೆ ಸುತ್ತಲಿನ ಆಮ್ಲಜನಕದ ಪಂಜರ ತನ್ನ ಓರೆಯನ್ನು ಬಿಡುವುದಿಲ್ಲ. ಅದನ್ನು ನೆಚ್ಚಿಕೊಂಡ ಅಲ್ಪ ಕಾಂತತ್ವವೂ ಕದಲುವುದಿಲ್ಲ. ಇನ್ನೊಂದು, ಸುತ್ತಿ ಹೋಗುವುದು: ಮೊದಲು ಸುಮಾರು 71 ಡಿಗ್ರಿ ಹೊರಳಿ ಪಕ್ಕದ ಮೂಲೆಗೆ, ಅಲ್ಲಿಂದ ಸುಮಾರು 109 ಡಿಗ್ರಿ ಹೊರಳಿ ಎದುರು ಮೂಲೆಗೆ. ಕೂಡಿದರೆ 180. ಹೀಗೆ ಎರಡು ಹೆಜ್ಜೆಯಲ್ಲಿ ಹೋದಾಗ ಪಂಜರವೂ ಜೊತೆಗೆ ಹೊರಳುತ್ತದೆ, ಅಲ್ಪ ಕಾಂತತ್ವವೂ ಹೊರಳುತ್ತದೆ, ಅದರ ಮುಖ ನೋಡಿ ನಿಂತ ಮೇಲಿನ ಕಾಂತಪದರವೂ ಹೊರಳುತ್ತದೆ. ಹರಳು ಹಿಡಿದದ್ದು ಈ ಸುತ್ತುದಾರಿಯನ್ನೇ ಎಂಬುದನ್ನು ಗಣನೆಯಿಂದಲೂ ಅಳತೆಯಿಂದಲೂ ಅವರು ಕಂಡುಕೊಂಡರು.

ಹಾಗಾದರೆ ಹಿಂದುಮುಂದಾಗಿ ಓಡಿದ ಬೀಸುಕಲ್ಲಿನ ಚಿತ್ರದ ಆಕ್ಷೇಪ ಏನಾಯಿತು ಎಂದು ಜಾಣ ಕೇಳುಗರು ಕೇಳಬಹುದು. ಆಕ್ಷೇಪ ಹಾಗೆಯೇ ನಿಂತಿದೆ. ವಿದ್ಯುತ್ತು ಕಾಂತಕ್ಕೆ 'ಪೂರ್ವಕ್ಕೆ ತಲೆಯಿಡು' ಎಂದು ಇಲ್ಲಿಯೂ ಹೇಳಿಲ್ಲ. 'ಈಗ ಎತ್ತ ತಲೆಯಿದೆಯೋ ಅದರ ಎದುರಿಗೆ ಇಡು' ಎಂದು ಮಾತ್ರ ಹೇಳಿತು. ಮೊದಲು ಎತ್ತ ಇತ್ತೆಂಬುದನ್ನು ಪದರವೇ ನೆನಪಿಟ್ಟುಕೊಂಡಿತ್ತು. ನೆನಪಿದ್ದುದರಿಂದಲೇ ಬದಲಾವಣೆ ಸಾಧ್ಯವಾಯಿತು. ನನ್ನ ವಿದ್ಯಾರ್ಥಿನಿ ಇದನ್ನು ಕಾಗದದ ಮೇಲೆ ಬಾಣಗಳನ್ನೆಳೆದು ತೋರಿಸಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸಕ್ಕೆ ಮನಸ್ಸು ಬರಲಿಲ್ಲ.

ಇದು ನಾಳೆಯೇ ಅಂಗಡಿಗೆ ಬರುವ ಪದಾರ್ಥವೆಂದು ನಾನು ಹೇಳಲಾರೆ. ಹರಿವಿನಿಂದ ಕಾಂತವನ್ನು ತಿರುಗಿಸುವ ಆಗಿನ ಒಳ್ಳೆಯ ವಿಧಾನಕ್ಕೆ ಬೇಕಾದ ಶಕ್ತಿಯ ಸುಮಾರು ಹತ್ತನೆಯ ಒಂದು ಪಾಲು ಸಾಕೆಂದು 2014ರ ಪ್ರಯೋಗದವರು ಲೆಕ್ಕ ಹಾಕಿದರು. 2020ರ ಹೊತ್ತಿಗೆ ಬಿಸ್ಮತ್ತಿನ ಒಂದು ಪಾಲನ್ನು ತೆಗೆದು ಲ್ಯಾಂಥನಂ ಸೇರಿಸಿ, ಅರ್ಧ ವೋಲ್ಟಿಗೂ ಕಡಿಮೆ ಒತ್ತಡದಲ್ಲಿ ಕಾಂತವನ್ನು ತಿರುಗಿಸಿ ತೋರಿಸಿದ್ದಾರೆ. ಆದರೆ ಗಣಕದ ಅಗುಳಿ ಲಕ್ಷ ಕೋಟಿ ಸಲ ಸರಿದರೂ ಸವೆಯಬಾರದು. ಇಂಥ ಪದರಗಳು ಹಲವು ಸಲ ತಿರುಗಿದ ಮೇಲೆ ದಣಿಯುತ್ತವೆ. ಗಡಿಯಲ್ಲಿ ಆಮ್ಲಜನಕ ಅಲ್ಲಿಂದಿಲ್ಲಿಗೆ ಸರಿದು ಸಂಧಿ ಕೆಡುತ್ತದೆ. ದಪ್ಪ ಹಲಗೆಗೆ ಅಂಟಿದ ತೆಳುಪದರವನ್ನು ಹಲಗೆಯೇ ಬಿಗಿಹಿಡಿಯುವುದರಿಂದ ಅದು ಮನಬಂದಂತೆ ಹಿಗ್ಗುವುದೂ ಇಲ್ಲ. ಬೆಂಗಳೂರಿನಲ್ಲಿಯೂ ಈ ವಸ್ತುಗಳ ಅಧ್ಯಯನ ನಡೆದಿದೆ; ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ನಮ್ಮ ಸಿ.ಎನ್.ಆರ್. ರಾಯರೂ ಅವರ ಸಹೋದ್ಯೋಗಿಗಳೂ ಎರಡು ಗುಣಗಳನ್ನು ಒಟ್ಟಿಗೆ ಹೊತ್ತ ಆಕ್ಸೈಡುಗಳನ್ನು ಹುಡುಕಿ ಬರೆದಿದ್ದಾರೆ.

ನನ್ನ ಕ್ಯಾಸೆಟ್ಟಿಗೆ ಇದರಿಂದ ಪ್ರಯೋಜನವಿಲ್ಲ. ಒಂದೇ ದಿಕ್ಕಿಗೆ ತಿರುಗಿಹೋದ ಕಣಗಳಿಗೆ ತಾವು ಮೊದಲು ಹೇಗಿದ್ದೆವೆಂಬುದು ತಿಳಿಯದು; ಯಾವ ವಿದ್ಯೆಯೂ ಅದನ್ನು ಮರಳಿ ಓದಲಾರದು. ಆದರೂ ಅದನ್ನು ಎಸೆದಿಲ್ಲ. ಅದರಲ್ಲಿ ಉಳಿದ ಎರಡು ಕಡೆಯ ಗುಡುಗನ್ನು ನನ್ನ ವಿದ್ಯಾರ್ಥಿನಿ ಹೊಸ ಯಂತ್ರಕ್ಕೆ ಇಳಿಸಿಕೊಟ್ಟಿದ್ದಾಳೆ. ಒಟ್ಟು ಹನ್ನೊಂದು ಸೆಕೆಂಡು. ಅದನ್ನು ಕೇಳಿದಾಗ ಒಂದು ಪದದ ಮೊದಲ ಎರಡು ಸಾಲು ನನ್ನಷ್ಟಕ್ಕೆ ನಾಲಗೆಗೆ ಬರುತ್ತದೆ. ಮೂರನೆಯ ಸಾಲು ಬರುವುದಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರ ದನಿಯಿರುವ ಹಳೆಯ ಟೇಪುಗಳಿದ್ದರೆ ಈ ಭಾಷಣ ಮುಗಿದ ಕೂಡಲೇ ಕಪಾಟು ತೆರೆದು, ಅವುಗಳ ಪಕ್ಕದಲ್ಲಿ ಏನಿದೆಯೆಂದು ಒಮ್ಮೆ ನೋಡಿ.